ಡೇ ಕೇರ್‌ನಲ್ಲಿ ಮತ್ತೆ ಎಚ್‌ಎಫ್‌ಎಂಡಿ, ವಾಪಸ್ ಕಳಿಸೋ ಮುಂಚೆ ಏನೇನು ನೋಡ್ಬೇಕು?

ಪುಟ್ಟಿಅಮ್ಮ_ಬೆಂಗ್ಳೂರು:

ನಮಸ್ಕಾರ ಎಲ್ರಿಗೂ. ಮಗಳಿಗೆ ಎರಡೂವರೆ ವರ್ಷ, ನಾವಿಬ್ರೂ ಕೆಲಸಕ್ಕೆ ಹೋಗೋರು ಅಂತ ಡೇ ಕೇರ್‌ಗೆ ಹಾಕಿದೀವಿ. ಬೇಸಿಗೆಲಿ ಒಂದ್ಸಲ ಎಚ್‌ಎಫ್‌ಎಂಡಿ (ಕೈ, ಕಾಲು, ಬಾಯಿ ರೋಗ) ಆಗಿತ್ತು, ಈಗ ಮಳೆ ಶುರುವಾದ್ಮೇಲೆ ಮತ್ತೆ ಬಂದಿದೆ. ಅಂಗೈ, ಪಾದ, ಕುಂಡಿ ಮೇಲೆಲ್ಲ ಗುಳ್ಳೆ, ಬಾಯೊಳಗೆ ಹುಣ್ಣು, ನೀರು ಕುಡಿಯೋಕೂ ಅಳು. ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಅಂತ ಯಾರೋ ಹೇಳಿದ್ರು, ಅದು ಸುಳ್ಳಾ?

ಡೇ ಕೇರ್ ವಾಟ್ಸಾಪ್ ಗ್ರೂಪಲ್ಲಿ "ದಿನಕ್ಕೆ ಮೂರು ಸಲ ಫುಲ್ ಸ್ಯಾನಿಟೈಸ್ ಮಾಡ್ತೀವಿ, ಪೇರೆಂಟ್ಸ್ ಗಾಬರಿ ಆಗ್ಬೇಡಿ" ಅಂತ ಮೆಸೇಜ್ ಹಾಕಿದ್ರು. ಆದ್ರೆ ನಾನು ಒಂದಿನ ಆಫೀಸಿಂದ ಬೇಗ ಹೋದಾಗ ನೋಡಿದ್ದೇ ಬೇರೆ, ಮಕ್ಕಳಿಗೆ ಬಾಳೆಹಣ್ಣು ತಿನ್ಸಿ ಸಾಲಾಗಿ ಕೂರ್ಸಿದ್ರು, ಆಯಾ ಒಂದೇ ಒದ್ದೆ ಬಟ್ಟೆಲಿ ಮೊದಲನೇ ಮಗು ಬಾಯಿ ಮೂಗು ಒರೆಸಿ, ಅದನ್ನ ಪಕ್ಕದ ಮಗ್‌ನಲ್ಲಿ ಅದ್ದಿ ಹಿಂಡಿ ಎರಡನೇದಕ್ಕೆ, ಹಂಗೇ ಕೊನೇವರೆಗೂ. ಆಮೇಲೆ ಎಲ್ರ ಅಂಗೈಗೂ ಒಂದೊಂದು ಹನಿ ಸ್ಯಾನಿಟೈಸರ್. ಕೇಳಿದ್ರೆ "ಡೆಟಾಲ್ ನೀರು ಮೇಡಂ ಅದು" ಅಂದ್ರು.

ಅತ್ತೆ ಬಿಡ್ಸ್ಬಿಡು ಅಂತಿದಾರೆ, ಆದ್ರೆ ಬೇರೆ ಕಡೆ ಹಾಕಿದ್ರೂ ಅಲ್ಲೂ ಇದೇ ಇರಲ್ಲ ಅಂತ ಏನು ಗ್ಯಾರಂಟಿ. ಎಷ್ಟು ದಿನ ಮನೇಲಿ ಇಟ್ಕೋಬೇಕು, ಫಿಟ್‌ನೆಸ್ ಸರ್ಟಿಫಿಕೇಟ್ ಕೇಳ್ತಿದಾರೆ ಅದು ಬೇಕಾ, ಮತ್ತೆ ಒಂದು ಡೇ ಕೇರ್ ಸರಿ ಇದ್ಯೋ ಇಲ್ವೋ ಅಂತ ನೀವೆಲ್ಲ ಹೆಂಗೆ ನೋಡ್ತೀರ? ಬ್ರೋಷರ್‌ನಲ್ಲಿ ಇರೋದು ಬೇಡ, ನಿಜವಾಗ್ಲೂ ಏನು ನೋಡ್ಬೇಕು ಅದು ಹೇಳಿ.

ವಾರ್ಡ್_ಸಿಸ್ಟರ್_ಮೈಸೂರು:

ಮಕ್ಕಳ ವಾರ್ಡಲ್ಲಿ ಕೆಲಸ ಮಾಡೋಳು ನಾನು. ಮಳೆಗಾಲದಲ್ಲಿ ಸ್ಕೂಲು ಶುರುವಾದ್ಮೇಲೆ ಇದೇ ಕೇಸ್ ಬರ್ತಾ ಇರತ್ತೆ. ಎಚ್‌ಎಫ್‌ಎಂಡಿ ಒಂದೇ ವೈರಸ್ಸಿಂದ ಬರೋದಲ್ಲ. ಕಾಕ್ಸಾಕಿ ಎ16, ಎ6, ಎಂಟೆರೋವೈರಸ್ 71 ಹೀಗೆ ಸುಮಾರಿದಾವೆ, ಒಂದು ಬಂದು ಹೋದ್ರೆ ಅದೊಂದಕ್ಕೆ ಮಾತ್ರ ಶಕ್ತಿ ಬರೋದು, ಇನ್ನೊಂದು ಬರಬಹುದು. 2022ರಲ್ಲಿ ಕೇರಳದ ಕೊಲ್ಲಂ ಕಡೆ ಟೊಮೇಟೊ ಫ್ಲೂ ಅಂತ ಟಿವಿಯವರು ಗಲಾಟೆ ಎಬ್ಬಿಸಿದ್ರಲ್ಲ, ಕೊನೆಗೆ ಅದೂ ಇದೇ ಜಾತಿದು ಅಂತ ಗೊತ್ತಾಯ್ತು.

ಸ್ಯಾನಿಟೈಸರ್ ವಿಷಯ ಸ್ವಲ್ಪ ಗಮನ ಕೊಡಿ. ಕೊರೊನಾ ವೈರಸ್‌ಗೆ ಮೇಲೆ ಕೊಬ್ಬಿನ ಪೊರೆ ಇತ್ತು, ಆಲ್ಕೋಹಾಲ್ ಅದನ್ನ ಒಡೆದು ಹಾಕ್ತಿತ್ತು. ಈ ವೈರಸ್‌ಗಳಿಗೆ ಆ ಪೊರೆನೇ ಇಲ್ಲ, ಹಂಗಾಗಿ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡಲ್ಲ. ಸೋಪು ಹಾಕಿ ಉಜ್ಜಿ ಹರಿಯೋ ನೀರಲ್ಲಿ ತೊಳೆದ್ರೆ ಚರಂಡಿಗೆ ಹೋಗತ್ತೆ, ಅದೇ ಮದ್ದು. ವಾಂತಿ ಭೇದಿ ತರೋ ರೋಟಾ, ನೋರೋ ಇವೂ ಹಂಗೇ. ಮಗ್‌ನಲ್ಲಿ ಅದ್ದಿದ ಬಟ್ಟೆ ಅಂದ್ರಲ್ಲ, ಡೆಟಾಲ್ ಹಾಕಿದ್ರೂ ಅದು ಒಬ್ಬರ ಜೊಲ್ಲನ್ನ ಇನ್ನೊಬ್ಬರಿಗೆ ಹಚ್ಚೋ ಕೆಲಸನೇ.

ಜ್ವರ ಬಿಟ್ಟು, ಗುಳ್ಳೆ ಒಣಗಿ, ಜೊಲ್ಲು ಸುರಿಯೋದು ನಿಂತು, ಮೊದಲಿನ ಥರ ತಿನ್ನೋಕೆ ಶುರು ಮಾಡಿದ್ರೆ ಕಳಿಸಬಹುದು, ಹೆಚ್ಚುಕಮ್ಮಿ ಒಂದು ವಾರ. ಮೊದಲ ವಾರ ಜಾಸ್ತಿ ಹರಡತ್ತೆ. ಆದ್ರೆ ಕಕ್ಕದಲ್ಲಿ ವೈರಸ್ ಇನ್ನೂ ಕೆಲವು ವಾರ ಬರ್ತಾನೇ ಇರತ್ತೆ, ಸರ್ಟಿಫಿಕೇಟ್ ಇದ್ರೂ ಬರತ್ತೆ. ಅಷ್ಟು ದಿನ ಯಾರೂ ಮಗುನ ಮನೇಲಿ ಇಟ್ಕೊಳ್ಳೋಕಾಗಲ್ಲ, ಹಂಗಾಗಿ ಡೈಪರ್ ಬದಲಾಯಿಸಿದವರು ಕೈ ತೊಳೀತಾರಾ ಅನ್ನೋದೇ ಮುಖ್ಯ. ಅವರು ಕೇಳ್ತಿದ್ರೆ ಸರ್ಟಿಫಿಕೇಟ್ ಕೊಡಿ, ಜಗಳ ಬೇಡ.

ಈಗ ತಣ್ಣಗಿನ ಮೊಸರನ್ನ, ಎಳನೀರು, ತಣ್ಣಗಿನ ಹಾಲು, ರಾಗಿ ಅಂಬಲಿ ಕೊಡಿ, ಹುಳಿ ಖಾರ ಬೇಡ. ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಎಂಟು ಗಂಟೆ ಕಾಲ ಕಳೆದ್ರೂ ಸುಸ್ಸು ಮಾಡ್ಲಿಲ್ಲ, ಜ್ವರ ಮೂರು ದಿನ ದಾಟ್ತು, ಮಂಕಾಗಿ ಮಲಗೇ ಇರ್ತಾಳೆ, ನಿದ್ದೆಲಿ ಬೆಚ್ಚಿಬೆಚ್ಚಿ ಬೀಳ್ತಾಳೆ ಅಂದ್ರೆ ಮಾತ್ರ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಬೇಬಿಸೆಂಟರ್_ನಡ್ಸೋಳು:

ನಾನು ಮನೇಲೇ ಚಿಕ್ಕದಾಗಿ ಬೇಬಿ ಸಿಟ್ಟಿಂಗ್ ನಡೆಸ್ತೀನಿ, ಹಂಗಾಗಿ ಸ್ವಲ್ಪ ನಮ್ಮ ಕಡೆಯಿಂದಾನೂ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ನಗ್ತಾ ಬಿಟ್ಟು ಹೋಗ್ತಾರೆ, ಮಧ್ಯಾಹ್ನದ ಹೊತ್ತಿಗೆ ಮಗು ಮೈ ಕೆಂಡ, ಫೋನ್ ಮಾಡಿದ್ರೆ ಮೀಟಿಂಗಲ್ಲಿ ಇದೀನಿ ಅಂತಾರೆ. ಅಷ್ಟರಲ್ಲಿ ಆ ಮಗು ಬಾಯಿಗೆ ಹಾಕ್ಕೊಂಡಿದ್ದ ಬ್ಲಾಕ್ಸ್ ಇನ್ನು ನಾಲ್ಕು ಮಕ್ಕಳ ಬಾಯಿಗೆ ಹೋಗಿರತ್ತೆ. ಸಿಕ್ ಪಾಲಿಸಿ, ಅಂದ್ರೆ ಹುಷಾರಿಲ್ಲದ ಮಗುನ ಕಳಿಸಬಾರದು ಅನ್ನೋ ನಿಯಮ, ಎರಡೂ ಕಡೆಯವರು ಪಾಲಿಸಿದ್ರೇನೇ ಸರಿ. ನಾನೀಗ ಬಾಗಿಲಲ್ಲೇ ಕೇಳ್ತೀನಿ, ಬೆಳಿಗ್ಗೆಯಿಂದ ಏನಾದ್ರೂ ಔಷಧಿ ಕೊಟ್ರಾ, ಎಷ್ಟು ಗಂಟೆಗೆ ಅಂತ, ಬುಕ್ಕಲ್ಲಿ ಬರೆದು ಸೈನ್ ಹಾಕಿಸ್ಕೋತೀನಿ. ಡಾಕ್ಟರ್ ಚೀಟಿ ಇಲ್ದೆ ಯಾವ ಸಿರಪ್ಪೂ ಕುಡಿಸಲ್ಲ, ಅದರಲ್ಲೂ ಕೆಮ್ಮಿನ ಸಿರಪ್ ಬ್ಯಾಗಲ್ಲಿ ಇಟ್ಟು ಕಳಿಸಿದ್ರೆ ವಾಪಸ್ಸೇ. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದು ಅಷ್ಟು ಮಕ್ಕಳು ಸತ್ತಮೇಲೆ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದಿಂದಾನೇ ಬಂತಲ್ಲ, ಆದ್ರೂ ಕಳಿಸ್ತಾರೆ.

ಕ್ಲೀನಿಂಗ್ ವಿಷ್ಯ. ಡೈಪರ್ ಮ್ಯಾಟು, ಬಾಯಿಗೆ ಹೋಗೋ ಆಟದ ಸಾಮಾನು ಮೊದಲು ಸೋಪು ನೀರಲ್ಲಿ ತೊಳೀಬೇಕು, ಆಮೇಲೆ ಬ್ಲೀಚ್ ನೀರು. 5% ಅಂತ ಲೇಬಲ್ ಇರೋ ಸೋಡಿಯಂ ಹೈಪೋಕ್ಲೋರೈಟ್ ಆದ್ರೆ ಒಂದು ಲೀಟರ್ ನೀರಿಗೆ 20 ಎಂಎಲ್, ಹತ್ತು ನಿಮಿಷ ಬಿಟ್ಟು ಆಟದ ಸಾಮಾನು ಮತ್ತೆ ಒಳ್ಳೆ ನೀರಲ್ಲಿ ಜಾಲಿಸಿ ಒಣಗಿಸ್ಬೇಕು. ದಿನಾ ಹೊಸದಾಗಿ ಕಲಸ್ಬೇಕು, ನಿನ್ನೆದು ಇವತ್ತಿಗೆ ಸತ್ವ ಇರಲ್ಲ. ಕೊಳೆ ಮೇಲೇ ಬ್ಲೀಚ್ ಸುರಿದ್ರೆ ವೇಸ್ಟು. ದಯವಿಟ್ಟು ಟಾಯ್ಲೆಟ್ ಆಸಿಡ್ ಜೊತೆ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಕೆಲಸದವರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ತೊಳೆಯೋಕಾಗದ ಮೆತ್ತನೆ ಗೊಂಬೆ ನಾನು ಇಡೋದೇ ಇಲ್ಲ.

ಅಂಗನವಾಡಿ_ಅಕ್ಕೋರು:

ನಾವು ಗದಗ ಕಡೆ ಅದೀವ್ರಿ. ನಮ್ಮಲ್ಲಿ ಸ್ಯಾನಿಟೈಸರ್ ಗೀನಿಟೈಸರ್ ಏನೂ ಇಲ್ಲ, ನಳದಾಗ ನೀರ ಬರೋದ ಎರಡ ದಿನಕ್ಕೊಮ್ಮಿ. ಆದ್ರ ಊಟಕ್ಕ ಕುಂದ್ರೂ ಮುಂದ ಎಲ್ಲಾ ಹುಡುಗ್ರ ಕೈ ತೊಳಸ್ತೀವ್ರಿ. ಪ್ಲಾಸ್ಟಿಕ್ ಬಾಟ್ಲಿ ಮುಚ್ಚಳಕ್ಕ ತೂತ ಮಾಡಿ ನೀರ ತುಂಬಿ ಗ್ವಾಡಿ ಮೊಳೀಗೆ ಕಟ್ಟೀವಿ, ಒತ್ತಿದ್ರ ಸಣ್ಣಂಗ ನೀರ ಬರ್ತೈತಿ, ಸೋಪಿನ ತುಂಡ ಹಳೇ ಕಾಲಚೀಲದಾಗ ಹಾಕಿ ಬಾಜೂಕ ಜೋತ ಬಿಟ್ಟೀವಿ. ಸೋಪ ಕಳಿಯೂದಿಲ್ಲ, ಹುಡುಗ್ರು ತಾವಾ ಹೋಗಿ ತೊಳಕೋತಾರ, ಅವ್ರಿಗೆ ಅದೊಂದ ಆಟ ಆಗೇತಿ. ದೊಡ್ಡ ಮಂದಿ ಡೇ ಕೇರನ್ಯಾಗ ಇಷ್ಟ ಮಾಡಾಕ ಏನ ಕಷ್ಟ ಅಂತ ನನಗ ತಿಳೀವಲ್ದು.

ಇನ್ನೊಂದ ಮಾತ ಹೇಳ್ತೀನ್ರಿ. ದೃಷ್ಟಿ ಆಗಬಾರ್ದು ಅಂತ ಅಂಗೀಗೆ ಪಿನ್ನಾಗ ಕರಿ ಮಣಿ ಪೋಣಿಸಿ ಚುಚ್ಚಿ ಕಳಸ್ತಾರ, ಕೊಳ್ಳಾಗ ದಾರ ಕಟ್ಟಿರ್ತಾರ. ಆ ಪಿನ್ ಬಿಚ್ಚಿ ಬಾಜೂಕಿನ ಹುಡುಗನ ಬಾಯಾಗ ಹೋದ್ರ ಏನ ಗತಿ ಹೇಳ್ರಿ. ನಾ ಬಾಗಲದಾಗ ಬಿಚ್ಚಿಸಿ ತಾಯಿ ಕೈಯಾಗ ಕೊಡ್ತೀನಿ, ಸಿಟ್ಟ ಬಂದ್ರ ಬರವಲ್ದಕ. ಫೆಬ್ರವರಿ 10, ಆಗಸ್ಟ್ 10ಕ್ಕ ಜಂತಹುಳದ ಗುಳಿಗಿ ಕೊಡ್ತೀವಿ, ಒಂದರಿಂದ ಎರಡ ವರ್ಷದ ಹುಡುಗ್ರಿಗೆ ಅರ್ಧ ಗುಳಿಗಿ, ಅದನ್ನೂ ಪುಡಿ ಮಾಡಿ ನೀರಾಗ ಕಲಸಿನ ಕೊಡಬೇಕ, ಇಡೀ ಗುಳಿಗಿ ಹಂಗ ನುಂಗಸಾಕ ಹೋಗಬಾರ್ದು, ಗಂಟಲಾಗ ಸಿಗತೈತಿ. ಪ್ರೈವೇಟ್ ಡೇ ಕೇರಿಗೆ ಹೋಗೂ ಹುಡುಗ್ರಿಗೆ ಇದ ತಪ್ಪಿ ಹೋಗ್ತೈತಿ, ಹತ್ತಿರದ ಅಂಗನವಾಡಿಗೆ ಕರ್ಕೊಂಡ ಹೋಗ್ರಿ, ಕೊಡ್ತಾರ.

ಸಂಪ್_ಅಪ್ಪ:

ಎಲ್ರೂ ಕ್ರಿಮಿ ಬಗ್ಗೆನೇ ಮಾತಾಡ್ತಿದೀರ, ಸರಿ. ನಾನು ಡೇ ಕೇರ್ ಹುಡ್ಕೋವಾಗ ಮೊದಲು ಕೇಳಿದ್ದು ಸಂಪ್ ಎಲ್ಲಿದೆ ಅಂತ. ಓನರ್ ನನ್ನ ಮುಖ ನೋಡಿದ್ರು, ಮಗು ಬಿಡೋಕೆ ಬಂದಿದಾನೋ ಮನೆ ಬಾಡಿಗೆಗೆ ಬಂದಿದಾನೋ ಅಂತ. ಬೆಂಗಳೂರಲ್ಲಿ ಅರ್ಧಕ್ಕರ್ಧ ಡೇ ಕೇರ್ ಅಂದ್ರೆ ಬಾಡಿಗೆ ಮನೆ, ಗೇಟ್ ಪಕ್ಕದಲ್ಲೇ ಸಂಪ್, ಟ್ಯಾಂಕರ್ ಬಂದಾಗ ಮುಚ್ಚಳ ತೆಗೆದು ಪೈಪ್ ಇಳಿಬಿಟ್ಟು ಡ್ರೈವರ್ ಫೋನಲ್ಲಿ ಇರ್ತಾನೆ. ಸಂಪಿಗೆ ಬಿದ್ದು ಮಗು ಸಾವು ಅನ್ನೋ ಸುದ್ದಿ ನಮ್ಮೂರಿಗೆ ಹೊಸದಲ್ಲ. ಮುಚ್ಚಳಕ್ಕೆ ಬೀಗ ಇರ್ಬೇಕು, ಟ್ಯಾಂಕರ್ ಬರೋ ಹೊತ್ತಲ್ಲಿ ಮಕ್ಕಳು ಒಳಗಿರ್ಬೇಕು. ಬಾತ್‌ರೂಮಲ್ಲಿ ತುಂಬಿಟ್ಟ ಬಕೆಟ್ಟೂ ಅಷ್ಟೇ ಅಪಾಯ, ತಲೆಕೆಳಗಾದ ಮಗುಗೆ ಅರ್ಧ ಬಕೆಟ್ ನೀರು ಸಾಕು.

ಸಿಸಿಟಿವಿ ಲೈವ್ ಕೊಡ್ತೀವಿ ಅಂತ ಎಕ್ಸ್‌ಟ್ರಾ ದುಡ್ಡು ತಗೋತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ, ಆಫೀಸಲ್ಲಿ ಕೂತು ಮಗು ಗಂಟಲಲ್ಲಿ ಕಡಲೆಬೀಜ ಸಿಕ್ಕಿದ್ದು ನೋಡಿ ನಾನೇನು ಮಾಡ್ಲಿ. ಅಲ್ಲಿರೋರಿಗೆ ಗೊತ್ತಿರ್ಬೇಕು. ಒಂದು ವರ್ಷ ದಾಟಿದ ಮಗು ಆದ್ರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ ಐದು ಏಟು, ಆಗ್ಲಿಲ್ಲ ಅಂದ್ರೆ ಹೊಟ್ಟೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತೋದು, ಮತ್ತೆ ಅದೇ. ಚಿಕ್ಕ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಮೇಲೆ. ಬೆರಳು ಹಾಕಿ ಕೆದಕಬಾರದು. ಇನ್ನೊಬ್ಬರು 108ಕ್ಕೆ ಫೋನ್. ನಾನು ಕೇಳ್ದಾಗ ಒಂದು ಕಡೆ ಟೀಚರ್ "ನೆತ್ತಿ ಊದ್ತೀವಿ ಸರ್" ಅಂದ್ರು, ಅಲ್ಲಿಂದ ಸೀದಾ ಎದ್ದು ಬಂದೆ.

ಐಟಿ_ಅಮ್ಮ_ವೈಟ್‌ಫೀಲ್ಡ್:

ಯಾರೂ ಹೇಳ್ಲಿಲ್ಲ ಅಂತ ಹೇಳ್ತಿದೀನಿ, ನಿಮ್ಮಿಬ್ರ ಆಫೀಸಲ್ಲಿ ಯಾವುದರಲ್ಲಾದ್ರೂ 50 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಒಂದ್ಸಲ ಎಚ್‌ಆರ್ ಕೇಳಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಲಿ ಕ್ರೆಶ್ (ಕೆಲಸ ಮಾಡೋರ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಕೊಡ್ಬೇಕು ಅಂತ ಬಂತು, ಈಗ ಅದರ ಬದಲು ಬಂದಿರೋ ಸಾಮಾಜಿಕ ಭದ್ರತಾ ಸಂಹಿತೆಲೂ ಅದಿದೆ, ಅಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಕೆಲವು ಕಂಪನಿಯವರು ಹೊರಗಿನ ಡೇ ಕೇರ್ ಜೊತೆ ಟೈಅಪ್ ಮಾಡಿ ಕೈ ತೊಳ್ಕೊಂಡಿರ್ತಾರೆ, ಆದ್ರೂ ಒಂದು ಲಾಭ ಇದೆ, ನೀವೊಬ್ರೇ ಹೇಳಿದ್ರೆ ಡೇ ಕೇರ್‌ನವರು ತಲೆಗೆ ಹಾಕ್ಕೊಳ್ಳಲ್ಲ, ಕಂಪನಿ ಮೇಲ್ ಹೋದ್ರೆ ಮಾರನೇ ದಿನವೇ ಸಿಂಕಲ್ಲಿ ಸೋಪ್ ಬಂದಿರತ್ತೆ.

ಪುಟ್ಟಿಅಮ್ಮ_ಬೆಂಗ್ಳೂರು:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡೇ ಕೇರ್ ಮೇಡಂ ಹತ್ರ ಕೂತು ಮಾತಾಡ್ದೆ. ಬಟ್ಟೆ ವಿಷ್ಯಕ್ಕೆ ಮೊದಲು ಸಿಟ್ಟಾದ್ರು, ಆಮೇಲೆ ಆಯಾನೇ ಹೇಳಿದ್ರು, ಮಕ್ಕಳಿಗೆ ಸಿಂಕ್ ಎಟುಕಲ್ಲ ಮೇಡಂ, ಒಬ್ಬೊಬ್ಬರನ್ನೇ ಎತ್ಕೊಂಡು ತೊಳ್ಸೋಕೆ ಸೊಂಟ ಬಿದ್ದು ಹೋಗತ್ತೆ ಅಂತ. ನಿಜ ಅನ್ನಿಸ್ತು. ಸಿಂಕ್ ಕೆಳಗೆ ಹಾಕೋಕೆ ಒಂದು ಮೆಟ್ಟಿಲಿನ ಸ್ಟೂಲು ನಾವು ಕೆಲವು ಪೇರೆಂಟ್ಸ್ ಸೇರಿ ತಂದು ಕೊಡ್ತಿದೀವಿ, ಪ್ರತಿ ಮಗುಗೂ ಹೆಸರು ಬರೆದ ಕರ್ಚೀಫ್ ಮನೆಯಿಂದಾನೇ. ಸಂಪಿಗೆ ಬೀಗ ಇರ್ಲಿಲ್ಲ, ನಾನು ನೋಡೇ ಇರ್ಲಿಲ್ಲ ಅದನ್ನ! ಅದು ಹಾಕ್ದೆ ಕಳ್ಸಲ್ಲ ಅಂದಿದೀನಿ. ಅಕ್ಕೋರೆ ನಿಮ್ಮ ಬಾಟ್ಲಿ ಐಡಿಯಾ ಮನೆ ಬಾಲ್ಕನಿಲೇ ಕಟ್ಟಿದೀನಿ, ಮಗಳು ಬಿಡ್ತಾನೇ ಇಲ್ಲ.

ಸಿಸ್ಟರ್, ಇನ್ನೊಂದು ಡೌಟು. ಹೋದ್ಸಲ ಹುಷಾರಾಗಿ ಒಂದು ತಿಂಗಳಾದ್ಮೇಲೆ ಹೆಬ್ಬೆರಳಿನ ಉಗುರು ಬುಡದಿಂದ ಕಿತ್ತು ಬಂತು. ಕ್ಯಾಲ್ಸಿಯಂ ಕಮ್ಮಿ ಅಂತ ಮೆಡಿಕಲ್ ಶಾಪಿನವನು ಸಿರಪ್ ಕೊಟ್ಟಿದ್ದ. ಈ ಸಲಾನೂ ಹಂಗೇ ಆಗತ್ತಾ?

ವಾರ್ಡ್_ಸಿಸ್ಟರ್_ಮೈಸೂರು:

ಆಗಬಹುದು, ಆಗದೇನೂ ಇರಬಹುದು. ಅದು ಕ್ಯಾಲ್ಸಿಯಂಗೆ ಸಂಬಂಧ ಇಲ್ಲ ಅಮ್ಮ, ಎಚ್‌ಎಫ್‌ಎಂಡಿ ಆದ್ಮೇಲೆ ಕೆಲವು ಮಕ್ಕಳಿಗೆ ಕೆಲವು ವಾರ ಬಿಟ್ಟು ಉಗುರು ಬಿಚ್ಕೊಳ್ಳತ್ತೆ, ಅದರಲ್ಲೂ ಕಾಕ್ಸಾಕಿ ಎ6 ವೈರಸ್ ಆಗಿದ್ರೆ ಜಾಸ್ತಿ. ನೋವಿರಲ್ಲ, ಕೆಳಗಿಂದ ಹೊಸ ಉಗುರು ತಾನಾಗೇ ಬರತ್ತೆ. ಅರ್ಧ ಎದ್ದಿರೋದನ್ನ ಎಳೀಬೇಡಿ, ಬಟ್ಟೆಗೆ ಸಿಗದ ಹಂಗೆ ತುದಿ ಕತ್ತರಿಸಿ ಬಿಡಿ ಸಾಕು. ಕೆಂಪಾಗಿ ಊದ್ಕೊಂಡು ಕೀವು ಬಂದ್ರೆ ಮಾತ್ರ ಡಾಕ್ಟರ್‌ಗೆ ತೋರಿಸಿ. ಆ ಸಿರಪ್ ಇದಕ್ಕೋಸ್ಕರ ಕೊಡೋದೇನೂ ಬೇಡ.