ಹಗುರವಾದ ನಿಖರ ರೈಫಲ್: ದೂರದ ಗುರಿಗೂ ಬೇಟೆಗೂ ಒಂದೇ ಸಾಕೇ?

ಎರೆಹೊಲದವ, ಕುಷ್ಟಗಿ (ಪ್ರಶ್ನೆ)

ಎಲ್ಲರಿಗೂ ಶರಣು. ತಂದೆಯವರ ಹೆಸರಿನಲ್ಲಿದ್ದ ಬೆಳೆ ರಕ್ಷಣೆಯ ಬಂದೂಕಿನ ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಅದು ಹಳೆಯ ಒಂಟಿ ನಳಿಗೆಯ ಬಂದೂಕು; ಹಂದಿಗಳನ್ನು ಸದ್ದಿನಿಂದ ಓಡಿಸುವುದಕ್ಕಷ್ಟೇ ಸರಿ. ನನಗೆ ದೂರದ ಗುರಿಯನ್ನು ನಿಖರವಾಗಿ ಹೊಡೆಯುವುದನ್ನು ಕಲಿಯುವ ಆಸೆ ಬಹಳ ದಿನಗಳಿಂದ ಇದೆ. ಅಮೆರಿಕದ ಕೊಲೊರಾಡೊದಲ್ಲಿರುವ ನಮ್ಮ ಅಕ್ಕನ ಮಗ ಅಲ್ಲಿನ ಪರವಾನಗಿ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾನೆ. ಅವನ ರೈಫಲ್ 6.5 ಕ್ರೀಡ್‌ಮೋರ್ ಎಂಬ ತೋಟಾದ್ದು, ನಳಿಗೆಗೆ ಕಾರ್ಬನ್ ಫೈಬರ್ ಸುತ್ತಿದ್ದು, ದುರ್ಬೀನು ಸೇರಿದರೂ ಮೂರೂವರೆ ಕಿಲೋ ಮಾತ್ರ. ಅಂಥ ಹಗುರವಾದ ಒಂದು ರೈಫಲ್ ಕೊಂಡರೆ ಗುರಿ ಅಭ್ಯಾಸಕ್ಕೂ, ಹೊಲಕ್ಕೆ ನುಗ್ಗುವ ಪ್ರಾಣಿಗಳಿಗೂ ಆಗುತ್ತದೆ ಎಂಬುದು ನನ್ನ ಲೆಕ್ಕ. ಈ ಲೆಕ್ಕ ಸರಿಯೇ? ಸರಿಯಾದರೆ ಯಾವ ಬೋರ್ (ನಳಿಗೆಯ ಒಳ ಅಗಲ), ಎಷ್ಟು ತೂಕ ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿರಿ.

ಕೋಟೆ ಕೆಳಗಿನವ, ಬಳ್ಳಾರಿ

ಅಣ್ಣನವರೇ, ಬೋರಿನ ಮಾತಿಗಿಂತ ಮೊದಲು ತೂಕದ ಮಾತು ಆಗಬೇಕು, ಏಕೆಂದರೆ ನಿಮ್ಮ ಲೆಕ್ಕ ತಪ್ಪುವುದು ಅಲ್ಲಿಯೇ. ಕೊಲೊರಾಡೊದಲ್ಲಿ ಎಲ್ಕ್ ಹುಡುಕುವವನು ಬೆಳಗಿನಿಂದ ಸಂಜೆಯವರೆಗೆ ಬೆಟ್ಟ ಹತ್ತಿಳಿಯುತ್ತಾನೆ, ಇಡೀ ದಿನದಲ್ಲಿ ಒಂದೇ ಒಂದು ಗುಂಡು ಹೊಡೆದರೂ ಹೊಡೆದ, ಹೊಡೆಯದಿದ್ದರೂ ಇಲ್ಲ. ಅವನಿಗೆ ಬೇಕಾದದ್ದು ಹೆಗಲಿಗೆ ಭಾರವಾಗದ ರೈಫಲ್ ಮತ್ತು ತಣ್ಣಗಿರುವ ನಳಿಗೆಯಿಂದ ನೇರವಾಗಿ ಹೋಗುವ ಮೊದಲ ಗುಂಡು. ಗುರಿ ಶೂಟಿಂಗ್ ಮಾಡುವವನು ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಆದರೆ ಸ್ಪರ್ಧೆಯಲ್ಲಿ ಅರವತ್ತು ಗುಂಡು ಹೊಡೆಯುತ್ತಾನೆ, ಮತ್ತು ಅರವತ್ತನೆಯದೂ ಮೊದಲನೆಯದು ಬಿದ್ದಲ್ಲೇ ಬೀಳಬೇಕು.

ದೊಡ್ಡ ಬೋರಿನ ತೆಳು ನಳಿಗೆ ಕೆಲವೇ ಗುಂಡುಗಳಿಗೆ ಕಾಯುತ್ತದೆ. ಕಾದಂತೆ ಗುಂಡುಗಳು ಒಂದೆಡೆ ಕೂಡದೆ ಚದುರತೊಡಗುತ್ತವೆ. ದಪ್ಪ ನಳಿಗೆ ನಿಧಾನವಾಗಿ ಕಾಯುತ್ತದೆ. ಒದೆತದ ವಿಷಯವೂ ಹಾಗೆಯೇ: ಅದೇ ತೋಟಾವನ್ನು ನಾಲ್ಕು ಕಿಲೋದ ರೈಫಲ್‌ನಲ್ಲಿ ಹೊಡೆಯುವುದಕ್ಕೂ ಎರಡೂವರೆ ಕಿಲೋದ ರೈಫಲ್‌ನಲ್ಲಿ ಹೊಡೆಯುವುದಕ್ಕೂ ಹೋಲಿಸಿದರೆ, ಹಗುರವಾದದ್ದರಲ್ಲಿ ಭುಜಕ್ಕೆ ಬರುವ ಒದೆತದ ಶಕ್ತಿ 1.6 ಪಟ್ಟು ಹೆಚ್ಚು. ಒದೆತಕ್ಕೆ ಹೆದರಿದ ಕೈ ಟ್ರಿಗರನ್ನು ಮೆಲ್ಲಗೆ ಒತ್ತುವುದಿಲ್ಲ, ಕಿತ್ತು ಎಳೆಯುತ್ತದೆ. ಕಲಿಯುವವರಲ್ಲಿ ಒಮ್ಮೆ ಈ ಅಭ್ಯಾಸ ಬೇರೂರಿದರೆ ಬಿಡಿಸುವುದು ಬಹಳ ಕಷ್ಟ. ಅದಲ್ಲದೆ ಹಗುರವಾದ ರೈಫಲ್ ಉಸಿರಿಗೂ ನಾಡಿಯ ಬಡಿತಕ್ಕೂ ಅಲುಗುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಸ್ಪರ್ಧೆಯ ಏರ್ ರೈಫಲ್‌ನ (ಗಾಳಿಯ ಒತ್ತಡದಿಂದ ಹೊಡೆಯುವ ರೈಫಲ್) ತೂಕಕ್ಕೆ 5.5 ಕಿಲೋ ಎಂಬ ಗರಿಷ್ಠ ಮಿತಿ ಹಾಕಿದ್ದಾರೆ, ಕನಿಷ್ಠ ಮಿತಿಯನ್ನಲ್ಲ. ಬಿಟ್ಟರೆ ಶೂಟರ್‌ಗಳು ಇನ್ನೂ ಭಾರ ಮಾಡಿಕೊಳ್ಳುತ್ತಾರೆ ಎಂಬುದು ಇದರಿಂದಲೇ ತಿಳಿಯುತ್ತದೆ.

ನಿಖರತೆಯ ಅಳತೆ ಹೇಗೆಂದರೆ, ಒಂದು ಮಿನಿಟ್ ಕೋನದ (ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ) ರೈಫಲ್ ಎಂದರೆ ಅದರ ಗುಂಡುಗಳು 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್ ಅಗಲದೊಳಗೆ ಕೂಡುತ್ತವೆ. 300 ಮೀಟರಿಗೆ ಅದು 8.7 ಸೆಂಟಿಮೀಟರ್ ಆಗುತ್ತದೆ. 300 ಮೀಟರ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ನಡುವಿನ ವೃತ್ತವೇ 10 ಸೆಂಟಿಮೀಟರ್. ಅಂದರೆ ಒಳ್ಳೆಯ ರೈಫಲ್ ಎಂದು ಹೆಸರಾದದ್ದೂ ತನ್ನಷ್ಟಕ್ಕೇ ಆ ವೃತ್ತವನ್ನು ಬಹುಪಾಲು ತುಂಬಿಬಿಡುತ್ತದೆ; ಕೈಯ ತಪ್ಪಿಗೆ ಉಳಿಯುವ ಜಾಗ ಬೆರಳಿನಷ್ಟೂ ಅಲ್ಲ.

ತುಂಗಭದ್ರೆಯ ಆಚೆ, ರಾಯಚೂರು

ತೂಕದ ಬಗ್ಗೆ ಬಳ್ಳಾರಿಯವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಕಾನೂನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಪ್ರಶ್ನೆಯಲ್ಲಿ ಬೇಟೆಯ ಮಾತೂ ಬಂದಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಮೋಜಿನ ಬೇಟೆಗೆ ಅವಕಾಶವೇ ಇಲ್ಲ. ಹಂದಿ ಶೇಂಗಾ ಹೊಲ ಅಗೆದು ಹಾಕಿದರೂ, ಬೆಳೆ ಕಾಯುವ ಬಂದೂಕಿನ ಲೈಸೆನ್ಸ್ ಕೈಯಲ್ಲಿದ್ದರೂ, ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಹೊಡೆದರೆ ಅದು ಅಪರಾಧ. ನಿಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಿಗೆ ಬರುವ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಮೊದಲನೆಯ ಅನುಸೂಚಿಯಲ್ಲಿವೆ. ಅವುಗಳಿಗೆ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯಿದೆ. ಬೆಳೆ ಹಾಳಾದ ರೈತರ ನೋವು ನನಗೆ ಚೆನ್ನಾಗಿ ಗೊತ್ತು, ಆದರೂ ಅದಕ್ಕೆ ದಾರಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದು ಮತ್ತು ಬೇಲಿ. ದೂರ ಹೊಡೆಯುವ ರೈಫಲ್ ಅದರ ದಾರಿಯಲ್ಲ. ಆದ್ದರಿಂದ ಬೇಟೆಯನ್ನು ಲೆಕ್ಕದಿಂದ ಪೂರ್ತಿ ತೆಗೆದುಬಿಡಿ. ತೆಗೆದರೆ ಹಗುರವಾಗಿರಬೇಕು ಎಂಬ ಕಾರಣವೂ ತಾನಾಗಿಯೇ ಹೋಗುತ್ತದೆ.

ಇನ್ನು ಬೋರ್. ಚುಕ್ಕೆಯಿಂದ ಆರಂಭವಾಗುವ ಅಂಕಿಗಳು ಇಂಚಿನ ಲೆಕ್ಕದವು. .303 ಮತ್ತು 7.62 ಮಿಲಿಮೀಟರಿನಂಥ ಸೈನಿಕ ಬೋರುಗಳು ಸಾಮಾನ್ಯರಿಗೆ ನಿಷಿದ್ಧ. ಲೈಸೆನ್ಸ್ ಮೇಲೆ ಸಿಗುವ ದೇಶೀ ರೈಫಲ್‌ಗಳಲ್ಲಿ ಸರಕಾರಿ ಕಾರ್ಖಾನೆಯ .315, .30-06 ಮತ್ತು .22 ಹೆಚ್ಚಾಗಿ ಕಾಣುತ್ತವೆ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ ಒಂದು ಮುಖ್ಯವಾದ ಮಾತಿದೆ: ಕೇಂದ್ರ ಸರಕಾರದ ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆಂದು .22 ರೈಫಲ್ ಕೇಳಿದರೆ, ಅದನ್ನು ಲೈಸೆನ್ಸಿಗೆ ತಕ್ಕ ಕಾರಣವೆಂದು ಕಾಯ್ದೆಯೇ ಗುರುತಿಸುತ್ತದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಿಮ್ಮಲ್ಲಿ ಈಗಾಗಲೇ ಒಂದಿದೆ, ಆದ್ದರಿಂದ ಎರಡನೆಯದನ್ನು ಯೋಚಿಸಿ ಆರಿಸಬೇಕು.

ಎರೆಹೊಲದವ, ಕುಷ್ಟಗಿ

ಇಬ್ಬರಿಗೂ ಧನ್ಯವಾದಗಳು. ಬೇಟೆಯ ವಿಚಾರ ಬಿಟ್ಟೆ. ಹಾಗಾದರೆ ನಾನು .30-06 ಕೊಂಡು ನಮ್ಮ ಸ್ವಂತ ಹೊಲದಲ್ಲೇ ಮುನ್ನೂರು ಮೀಟರಿಗೆ ಹಲಗೆ ನೆಟ್ಟು ಕಲಿಯಬಹುದೇ? ನಮ್ಮದು ಬಟಾಬಯಲು, ಸುತ್ತ ಮನೆಗಳಿಲ್ಲ.

ಕೋಟೆ ಕೆಳಗಿನವ, ಬಳ್ಳಾರಿ

ದಯವಿಟ್ಟು ಹಾಗೆ ಮಾಡಬೇಡಿ. ಬಟಾಬಯಲು ಎಂಬುದೇ ಅಪಾಯ, ಏಕೆಂದರೆ ಹಲಗೆ ತಪ್ಪಿದ ಗುಂಡನ್ನು ತಡೆಯಲು ಅಲ್ಲಿ ದಿಬ್ಬವಿಲ್ಲ. .30-06ರ ಗುಂಡು ಹಲವು ಕಿಲೋಮೀಟರ್ ಹೋಗುತ್ತದೆ, ಸಣ್ಣದೆಂದು ತೋರುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ಕಣ್ಣಿಗೆ ಬೀಳದ ದೂರದಲ್ಲಿ ಯಾರೋ ಹತ್ತಿ ಬಿಡಿಸುತ್ತಿರುತ್ತಾರೆ, ಯಾರೋ ಕುರಿ ಕಾಯುತ್ತಿರುತ್ತಾರೆ. ಗುಂಡು ಹಾರಿಸುವುದು ಅನುಮತಿ ಪಡೆದ ಶೂಟಿಂಗ್ ರೇಂಜಿನಲ್ಲಿ ಮಾತ್ರ.

ನನ್ನ ಸಲಹೆ ಏರ್ ರೈಫಲ್‌ನಿಂದ ಆರಂಭಿಸಿರಿ ಎಂಬುದು. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರಿನ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟರೆ ಸಾಕು. ಹಿಂದೆ ಗಟ್ಟಿ ಗೋಡೆಯಿರುವ, ಯಾರೂ ನಡುವೆ ಹಾಯದ ಉದ್ದನೆಯ ಕೋಣೆಯಲ್ಲಿ 10 ಮೀಟರ್ ಅಭ್ಯಾಸ ಮಾಡಬಹುದು. ಇದು ಮಕ್ಕಳ ಆಟ ಎಂದು ತಿಳಿಯಬೇಡಿ. ಅಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ. ನಿಲುವು, ಉಸಿರು, ಟ್ರಿಗರ್, ಈ ಮೂರೂ ಅಲ್ಲಿ ಕೂಡಿಬಂದರೆ ಮುಂದೆ ಯಾವ ರೈಫಲ್ ಹಿಡಿದರೂ ಕೂಡಿಬರುತ್ತವೆ. ದುರ್ಬೀನಿಗೆ ಈಗ ಹಣ ಹಾಕಬೇಡಿ, ಒಲಿಂಪಿಕ್ ಮಾದರಿಯ ರೈಫಲ್ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಆಮೇಲೆ ಸಂಘದ ಸದಸ್ಯತ್ವ ಪಡೆದು .22ಕ್ಕೆ ಬನ್ನಿರಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು .22 ರೈಫಲ್‌ನ 50 ಮೀಟರ್ ಸ್ಪರ್ಧೆಯಲ್ಲಿ. ದೂರದ ಗುರಿಗೆ ಬೇಕಾದ ಗಾಳಿಯ ಓದನ್ನು ಈ 50 ಮೀಟರೇ ಕಲಿಸುತ್ತದೆ. ನಮ್ಮ ಸೀಮೆಯ ಗಾಳಿ ನಿಮಗೆ ಗೊತ್ತಿದ್ದದ್ದೇ. ಗಂಟೆಗೆ ಹದಿನೈದು ಕಿಲೋಮೀಟರಿನ ಅಡ್ಡಗಾಳಿ .22 ಗುಂಡನ್ನು 50 ಮೀಟರಿನಲ್ಲಿ ಸುಮಾರು ಎರಡು ಸೆಂಟಿಮೀಟರ್ ಪಕ್ಕಕ್ಕೆ ತಳ್ಳಬಲ್ಲದು, ಆಗ ಹತ್ತು ಎಂಟಾಗುತ್ತದೆ. ಬೇಸಿಗೆಯಲ್ಲಿ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಹೊತ್ತೇರಿದ ಮೇಲೆ ನೆಲದ ಕಾವಿಗೆ ಗುರಿಯ ಬಿಂಬವೇ ನಲುಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾದ ತೋಟಾಗಳು ವೇಗ ಬದಲಿಸಿ ಗುಂಡನ್ನು ಮೇಲೆ ಕೆಳಗೆ ಬೀಳಿಸುತ್ತವೆ.

ಏರ್ ರೈಫಲ್ ಕೊಳ್ಳುವಾಗ ಅಂಗಡಿಯಲ್ಲಿ ಭುಜಕ್ಕೆ ಏರಿಸಿ ಕಣ್ಣು ಮುಚ್ಚಿರಿ. ಕಣ್ಣು ತೆರೆದಾಗ ಕತ್ತು ಚಾಚದೆಯೇ ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಭಾಗ) ನಡುವೆ ಕಂಡರೆ ಸ್ಟಾಕಿನ, ಅಂದರೆ ಭುಜಕ್ಕೆ ಒತ್ತುವ ಹಿಂಭಾಗದ, ಅಳತೆ ನಿಮಗೆ ಸರಿಯಿದೆ. ಕೆನ್ನೆಯ ಮತ್ತು ಭುಜದ ಪಟ್ಟಿಯನ್ನು ಏರಿಸಿ ಇಳಿಸಲು ಬರುವಂಥದ್ದೇ ಇದ್ದರೆ ಇನ್ನೂ ಒಳ್ಳೆಯದು. ಕೊಂಡ ಮೇಲೆ ಯಾವುದು ತೆಗೆದುಕೊಂಡಿರಿ ಎಂದು ಇಲ್ಲಿ ಬರೆಯಿರಿ, ಪೆಲೆಟ್ (ಏರ್ ರೈಫಲ್‌ನ ಗುಂಡು) ಆರಿಸುವ ಬಗೆಯನ್ನು ಆಗ ಹೇಳುತ್ತೇನೆ.