ಸ್ಪರ್ಸ್ ತಂಡ ವಾಲ್ಟರ್ ಟಲ್ ಅವರನ್ನು ಬದಿಗಿಟ್ಟದ್ದೇಕೆ?

ಮೈದಾನ: ಫುಟ್‌ಬಾಲ್ ಆಟಗಾರ ವಾಲ್ಟರ್ ಟಲ್ ಅವರ ಬಗ್ಗೆ ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಬಾರ್ಬಡೋಸ್‌ನಿಂದ ಬಂದು ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ನೆಲೆಸಿದ್ದ ಬಡಗಿಯೊಬ್ಬರ ಮಗನಾಗಿ 1888ರಲ್ಲಿ ಹುಟ್ಟಿದ ಅವರು, ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಲಂಡನ್ನಿನ ಅನಾಥಾಲಯದಲ್ಲಿ ಬೆಳೆದವರು. ಕ್ಲಾಪ್ಟನ್ ಎಂಬ ಹವ್ಯಾಸಿ ತಂಡದಲ್ಲಿ ಮಿಂಚಿ 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್, ಅಂದರೆ ಸ್ಪರ್ಸ್, ಸೇರಿದರು. ಆ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್ ಸಿಟಿ ವಿರುದ್ಧದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಅವರ ಮೈಬಣ್ಣ ಹಿಡಿದು ಹೀನಾಯವಾಗಿ ಬೈದಿತು. ಕೆಲಕಾಲದಲ್ಲೇ ಅವರನ್ನು ರಿಸರ್ವ್, ಅಂದರೆ ಕ್ಲಬ್ಬಿನ ಎರಡನೇ ತಂಡಕ್ಕೆ ಕಳಿಸಲಾಯಿತು. ಎರಡು ಋತುಗಳಲ್ಲಿ ಸಿಕ್ಕಿದ್ದು ಹತ್ತೇ ಲೀಗ್ ಪಂದ್ಯ. ಇದಕ್ಕೆ ಬಣ್ಣವೇ ಕಾರಣ ಎಂದು ನಾನು ನಂಬಿದ್ದೇನೆ.

ಎಡಗಾಲು: ಬೈಗುಳ ನಡೆದದ್ದು ನಿಜ, ಅದು ನಾಚಿಕೆಗೇಡು. ಆದರೆ ಗ್ಯಾಲರಿಯಲ್ಲಿ ಕೂಗಿದವರ ಮನಸ್ಸನ್ನೇ ತಂಡ ಆರಿಸುವವರ ಮನಸ್ಸೆಂದು ತೀರ್ಮಾನಿಸುವುದು ಸರಿಯಲ್ಲ. ಸ್ಪರ್ಸ್ ಆ ವರ್ಷವಷ್ಟೇ ಲೀಗ್‌ನ ಅತಿ ಮೇಲಿನ ಹಂತವಾದ ಪ್ರಥಮ ಡಿವಿಷನ್‌ಗೆ ಏರಿತ್ತು. ಕೆಳಗಿಳಿಯುವ ಅಪಾಯದಿಂದ ಪಾರಾದದ್ದು ಋತುವಿನ ಕೊನೆಯ ದಿನ. ಅಂಥ ಇಕ್ಕಟ್ಟಿನಲ್ಲಿ ಹತ್ತು ಪಂದ್ಯಗಳಿಗೆ ಎರಡೇ ಗೋಲು ಹೊಡೆದ ಫಾರ್ವರ್ಡ್ ಒಬ್ಬರು ಸ್ಥಾನ ಕಳೆದುಕೊಳ್ಳುವುದರಲ್ಲಿ ಅಸಹಜವೇನಿದೆ?

ಹಳೇಪತ್ರಿಕೆ: ಬ್ರಿಸ್ಟಲ್ ಪಂದ್ಯವನ್ನು ಕಂಡ ಪತ್ರಿಕಾ ವರದಿಗಾರರೊಬ್ಬರು ಬರೆದದ್ದನ್ನು ಇಲ್ಲಿ ನೆನೆಯಬೇಕು. ಲಂಡನ್ನಿನ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆ ಹೊಲಸು ಮಾತಿಗೆ ಹೆಸರಾದ ಜಾಗ. ಅಂದು ಕೇಳಿಬಂದ ಭಾಷೆ ಅದಕ್ಕಿಂತಲೂ ಕೀಳಾಗಿತ್ತು ಎಂದು ಅವರು ದಾಖಲಿಸಿದ್ದಾರೆ. ಅದೇ ವರದಿಯಲ್ಲಿ, ಮೈದಾನದಲ್ಲಿದ್ದ ಫಾರ್ವರ್ಡ್‌ಗಳಲ್ಲೆಲ್ಲ ಟಲ್ ಅವರೇ ಶ್ರೇಷ್ಠರೆಂದೂ ಹೇಳಿದ್ದಾರೆ. ಅಷ್ಟು ಬೈಗುಳ ಕಿವಿಗೆ ಬೀಳುತ್ತಿರುವಾಗಲೂ ಹಾಗೆ ಆಡಿದವರನ್ನು ಆಟ ಸಾಲದೆಂದು ಕೈಬಿಟ್ಟರು ಎನ್ನುವುದನ್ನು ನಾನು ಸುಲಭವಾಗಿ ಒಪ್ಪಲಾರೆ.

ಎಡಗಾಲು: ಒಂದು ಪಂದ್ಯದ ವರದಿ ಇಡೀ ಋತುವಿನ ಅಳತೆಗೋಲಾಗದು, ಸರ್.

ಅಂಚೆಪೆಟ್ಟಿಗೆ: ಹಾಗಾದರೆ ಮುಂದಿನ ಮೂರು ಋತುಗಳನ್ನು ನೋಡೋಣ. 1911ರಲ್ಲಿ ಅವರನ್ನು ನಾರ್ಥಾಂಪ್ಟನ್ ಟೌನ್ ತಂಡಕ್ಕೆ ಕರೆಸಿಕೊಂಡವರು ಅದರ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಕಟ್ಟಿದ ಅದೇ ಚಾಪ್‌ಮನ್. ಅವರು ಸ್ವತಃ ಸ್ಪರ್ಸ್ ಪರ ಆಡಿದ್ದವರಾದ್ದರಿಂದ ಆ ಕ್ಲಬ್ಬಿನ ಮಟ್ಟವನ್ನು ಬಲ್ಲವರಾಗಿದ್ದರು. ನಾರ್ಥಾಂಪ್ಟನ್‌ನಲ್ಲಿ ಟಲ್ ಬ್ರಿಸ್ಟಲ್ ರೋವರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದರು. ಆದರೂ ಟಲ್ ಅವರನ್ನು ಚಾಪ್‌ಮನ್ ಹಿಂದಕ್ಕೆ ತಂದು, ಫಾರ್ವರ್ಡ್‌ಗಳ ಹಿಂದೆ ಆಡುವ ಹಾಫ್‌ಬ್ಯಾಕ್ ಆಗಿ ನಿಲ್ಲಿಸಿದರು, ಮತ್ತು ಅಲ್ಲಿ ಅವರು ನೆಲೆಯೂರಿ ಒಟ್ಟು 111 ಪಂದ್ಯ ಆಡಿದರು. ನನ್ನ ಮಟ್ಟಿಗೆ ಇದು ಎರಡು ಅಲುಗಿನ ಸಾಕ್ಷ್ಯ: ಆಟ ಅವರಲ್ಲಿತ್ತು, ಆದರೆ ಸ್ಪರ್ಸ್ ಅವರನ್ನು ಆಡಿಸಿದ ಜಾಗ ಅವರದಾಗಿರಲಿಲ್ಲ.

ಎಡಗಾಲು: ನಾರ್ಥಾಂಪ್ಟನ್ ಆಡುತ್ತಿದ್ದದ್ದು ಸದರ್ನ್ ಲೀಗ್‌ನಲ್ಲಿ, ಅದು ಪ್ರಥಮ ಡಿವಿಷನ್‌ಗಿಂತ ಕೆಳಗಿನದು ಎಂಬುದನ್ನು ಮರೆಯಬಾರದು. ಆದರೂ ಜಾಗದ ಕುರಿತ ನಿಮ್ಮ ಮಾತು ನನಗೆ ಹೊಳೆದಿರಲಿಲ್ಲ.

ಮೈದಾನ: ಇನ್ನೊಂದು ಸಂಗತಿ. ಮೊದಲ ಮಹಾಯುದ್ಧದ ವೇಳೆ, 1914ರ ಡಿಸೆಂಬರ್‌ನಲ್ಲಿ, ಟಲ್ ಬ್ರಿಟಿಷ್ ಸೈನ್ಯದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಫುಟ್‌ಬಾಲ್ ಬೆಟಾಲಿಯನ್ ಸೇರಿದರು. ಯುರೋಪಿಯನ್ ಮೂಲದವರಲ್ಲದವರಿಗೆ ಅಧಿಕಾರಿ ಹುದ್ದೆ ಸಲ್ಲದು ಎಂಬ ನಿಯಮ ಸೈನ್ಯದಲ್ಲಿದ್ದರೂ 1917ರ ಮೇ ತಿಂಗಳಲ್ಲಿ ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು. ಲಿಖಿತ ತಡೆಯಿದ್ದ ಕಡೆಯಲ್ಲೇ ಜೊತೆಗಿದ್ದವರು ಅವರ ಯೋಗ್ಯತೆಯನ್ನು ಕಂಡರು. ಅಂಥ ತಡೆಯೇನೂ ಇಲ್ಲದ ಕ್ಲಬ್ ಅದನ್ನು ಕಾಣದೆ ಹೋದದ್ದೇಕೆ ಎಂಬುದೇ ನನ್ನ ಸಂಕಟ.

ಎಡಗಾಲು: ಆಟ ಸಾಲಲಿಲ್ಲ ಎಂದು ನಾನು ಸೂಚಿಸಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಬಣ್ಣವೊಂದೇ ಕಾರಣ ಎಂಬುದನ್ನು ಮಾತ್ರ ಈಗಲೂ ಒಪ್ಪಲಾರೆ.

ಹಳೇಪತ್ರಿಕೆ: 1918ರ ಮಾರ್ಚ್ 25ರಂದು ಫ್ರಾನ್ಸಿನ ಫಾವ್ರೆಯ್ ಬಳಿ ಟಲ್ ಗುಂಡೇಟಿಗೆ ಬಿದ್ದಾಗ, ಅವರನ್ನು ಹೊತ್ತು ತರಲು ಹೆಣಗಿದವರು ಟಾಮ್ ಬಿಲ್ಲಿಂಗ್‌ಹ್ಯಾಮ್. ಅವರೂ ಫುಟ್‌ಬಾಲ್ ಆಟಗಾರರೇ, ಗೋಲ್‌ಕೀಪರ್. ಶತ್ರು ಸೈನ್ಯ ಮುನ್ನುಗ್ಗುತ್ತಿದ್ದುದರಿಂದ ಅವರಿಗೆ ಅದು ಸಾಧ್ಯವಾಗಲಿಲ್ಲ. ಟಲ್ ಅವರಿಗೆ ಸಮಾಧಿಯಿಲ್ಲ. ಆರಾಸ್‌ನ ಸ್ಮಾರಕದ ಗೋಡೆಯ ಮೇಲೆ ಹೆಸರು ಮಾತ್ರ ಇದೆ.