ಸಹಾಯ ಬೇಕು: ಹೊಸ ಸಿಸ್ಟಮ್‌ಗೆ ಬಂದ ಮೇಲೆ ಆಲ್ಬಮ್ ಫೈಲ್‌ಗಳಲ್ಲಿ ಕನ್ನಡ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನದು ಚಿಕ್ಕ ಸ್ಟುಡಿಯೋ, ಮದುವೆ ಆಲ್ಬಮ್ ಕೆಲಸವೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ವಾ, ಹಳೇ ಸಿಸ್ಟಮ್‌ನಲ್ಲಿ ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಲಿಲ್ಲ, ಹಾಗಾಗಿ ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಗೊಂಡು ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಹೊಸ ಆವೃತ್ತಿಗೆ ಬದಲಾಯಿಸಿದೆ.

ಅಲ್ಲಿಂದ ಶುರುವಾಯಿತು. ಹಳೇ ಪಿಎಸ್‌ಡಿ (ಫೋಟೋಶಾಪ್ ಫೈಲ್) ತೆರೆದರೆ ನುಡಿ ಫಾಂಟ್‌ನಲ್ಲಿ (ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟ್) ಬರೆದ ಹೆಸರುಗಳ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಫಾಂಟ್ ಮತ್ತೆ ಹಾಕಿದ್ದೇನೆ, ಬಲ ಕ್ಲಿಕ್ ಮಾಡಿ 'ಎಲ್ಲ ಬಳಕೆದಾರರಿಗೆ' ಅಂತಲೇ ಹಾಕಿದೆ, ಆದರೂ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ. ಸರಿ, ಈಗ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲೇ ಹೊಸದಾಗಿ ಟೈಪ್ ಮಾಡೋಣ ಅಂದರೆ ಒತ್ತಕ್ಷರ ಕೂಡುತ್ತಿಲ್ಲ. ಲಕ್ಷ್ಮಿ ಅಂತ ಬರೆದರೆ ಕ್, ಷ್, ಮಿ ಮೂರೂ ಬೇರೆ ಬೇರೆ ನಿಲ್ಲುತ್ತವೆ. ಮದುಮಗಳ ಹೆಸರನ್ನು ಹಾಗೆ ಪ್ರಿಂಟ್ ಮಾಡಿ ಕೊಡೋಕಾಗುತ್ತಾ?

ಇನ್ನೊಂದು, 12x36 ಇಂಚಿನ ಶೀಟ್ 300 ಡಿಪಿಐನಲ್ಲಿ ತೆರೆದು ಜೂಮ್ ಮಾಡಿದರೆ ಪರದೆ ಎರಡು ಸೆಕೆಂಡ್ ಕಪ್ಪಾಗುತ್ತದೆ. ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಆಫ್ ಮಾಡಿದರೆ ಕಪ್ಪಾಗಲ್ಲ, ಆದರೆ ಬ್ರಷ್ ಎಳೆದರೆ ಗೆರೆ ತಡವಾಗಿ ಬರುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿಯಾಯಿತು. 16 ಜಿಬಿ ರ‍್ಯಾಮ್ ಇದೆ.

ಟೆಕ್ಸ್ಟ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗೆ ಬೇರೆ ಆಯ್ಕೆ ಇದೆ ಅಂತ ಒಬ್ಬರು ಹೇಳಿದರು, ಅದು ಎಲ್ಲಿದೆ? ಹಳೇ ನುಡಿ ಅಕ್ಷರಗಳನ್ನು ಲೇಯರ್ ಕೆಡದಂತೆ ಯೂನಿಕೋಡ್‌ಗೆ ತರೋದು ಹೇಗೆ? ಸುಮಾರು ನಲವತ್ತು ಮದುವೆಗಳ ಫೈಲ್ ಇದೆ, ಮರುಪ್ರಿಂಟ್ ಕೇಳಿಕೊಂಡು ಜನ ಈಗಲೂ ಬರುತ್ತಾರೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ, ಸ್ಕ್ರೀನ್‌ಶಾಟ್ ಬೇಕಿದ್ದರೆ ಹಾಕುತ್ತೇನೆ.